ಬಲಕ್ಕೆ ಸುತ್ತಿದ ತಂತಿ

ಪೆಟಾಲಿಂಗ್ ಜಯಾ
16 ಫೆಬ್ರವರಿ 2025

ಮುನೀರ್ ಅಣ್ಣನವರಿಗೆ,

ಭಾನುಮತಿಯ ನಮಸ್ಕಾರಗಳು. ಲಕೋಟೆಯ ಮೇಲೆ ನನ್ನ ಹೆಸರು ನೋಡಿ ನಿಮಗೆ ಗಾಬರಿಯಾಗಿರಬಹುದು. ಇಲ್ಲಿಂದ ನಿಮ್ಮ ಕ್ಲಾಂಗಿಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ಅಷ್ಟು ದೂರಕ್ಕೆ ಯಾರೂ ಕಾಗದ ಬರೆಯುವ ಕಾಲ ಇದಲ್ಲ. ಆದರೆ ಪ್ರಣವ್ ಹೋದ ದಿನ ಆಸ್ಪತ್ರೆಯ ವರಾಂಡದಲ್ಲಿ ನಮ್ಮವರು ನಿಮಗೆ ಆಡಿದ ಮಾತು ನಿಮಗೂ ನೆನಪಿದೆ, ನನಗೂ ನೆನಪಿದೆ. ನಿಮ್ಮ ಹಿತ್ತಲಿನ ಡ್ರಮ್ಮುಗಳಲ್ಲಿ ನೀರು ನಿಂತಿತ್ತು, ಅಲ್ಲಿಯ ಸೊಳ್ಳೆ ಕಚ್ಚಿಯೇ ಮಗನಿಗೆ ಡೆಂಗಿ ಬಂತು ಎಂದು ಅವರು ಇವತ್ತಿಗೂ ನಂಬಿದ್ದಾರೆ. ನಿಮ್ಮ ನಂಬರನ್ನು ನನ್ನ ಫೋನಿನಿಂದಲೂ ಅವರೇ ತೆಗೆದುಹಾಕಿದರು. ನಾನು ತಡೆಯಲಿಲ್ಲ. ಆಗ ನನಗೂ ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಬೇಕಾಗಿತ್ತು.

ವರ್ಷದ ಕಾರ್ಯ ಹೋದ ವಾರ ಮುಗಿಯಿತು. ಅವನ ಬಟ್ಟೆಗಳನ್ನು ಕೊಟ್ಟಾಯಿತು, ಪುಸ್ತಕಗಳನ್ನು ಕಾಲೇಜಿನ ಗೆಳೆಯರು ಒಯ್ದರು. ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಬ್ಯಾಗನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಮೊನ್ನೆ ನಾನೇ ತೆರೆದೆ. ಒಳಗೆ ಒಂದು ಟೀ ಶರ್ಟಿನಲ್ಲಿ ಸುತ್ತಿಟ್ಟ ತಾಮ್ರದ ತಂತಿಯ ಕಾಯಿಲ್ ಇತ್ತು.

ಅದು ನಾನು ಸುತ್ತಿಕೊಟ್ಟ ಕಾಯಿಲ್. ನಿಮ್ಮ ಬಳಿ ಕೆಲಸ ಕಲಿಯಲು ಬಂದು ನಿಮ್ಮ ಶೆಡ್ಡಿನಲ್ಲಿ ಅವನು ಮಾಡುತ್ತಿದ್ದ ಜನರೇಟರಿಗೆ ಎರಡು ಕಾಯಿಲ್ ಬೇಕು ಎಂದಿದ್ದ. "ಅಮ್ಮ, ಒಂದು ನಾನು ಸುತ್ತೀನಿ, ಒಂದು ನೀನು ಸುತ್ತು. ಯುವರ್ ಹ್ಯಾಂಡ್ ಈಸ್ ಬೆಟರ್ ಲಾ" ಎಂದು ಪುಸಲಾಯಿಸಿದ. ಟೀವಿ ಮುಂದೆ ಕೂತು ನಾಲ್ಕೈದು ಸಂಜೆ ಸ್ವಲ್ಪ ಸ್ವಲ್ಪವೇ ಸುತ್ತಿದೆ. ಒಂದು ಎಳೆಯ ಮೇಲೆ ಇನ್ನೊಂದು ಎಳೆ ಹತ್ತಬಾರದು, ನಡುವೆ ಸಂದು ಬಿಡಬಾರದು ಎಂದು ಪಕ್ಕದಲ್ಲಿ ಕೂತು ಜೀವ ತಿಂದ. ಮುಗಿದ ದಿನ ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿ, ಕೋಮುತೆರ್ ರೈಲು ಹತ್ತಿ ನಿಮ್ಮಲ್ಲಿಗೆ ತಂದ. ಅಂದೇ ಯಂತ್ರಕ್ಕೆ ಕೂರಿಸಿದೆವು ಎಂದು ನೀವೂ ಫೋನಿನಲ್ಲಿ ಹೇಳಿದಿರಿ.

ಯಂತ್ರದ ಮೇಲೆ ಇರಬೇಕಾದದ್ದು ಅವನ ಬ್ಯಾಗಿನಲ್ಲಿ ಯಾಕಿತ್ತು? ಚೆನ್ನಾಗಿಲ್ಲವೆಂದು ತೆಗೆಸಿದಿರಾ? ಅವನಿಗೇ ಬೇಡವಾಯಿತೇ? ಅಮ್ಮನಿಗೆ ಬೇಜಾರಾದೀತೆಂದು ಹೇಳದೆ ಬ್ಯಾಗಿನಲ್ಲಿ ಬಚ್ಚಿಟ್ಟನೇ? ಇಷ್ಟೇ ನನ್ನ ಪ್ರಶ್ನೆ. ಬೇರೆಯವರಿಗೆ ಇದು ಹುಚ್ಚು ಅನ್ನಿಸೀತು. ಅವನು ನನಗಾಗಿ ಬಿಟ್ಟುಹೋದ ಕೊನೆಯ ವಸ್ತು, ನಾನೇ ಕೊಟ್ಟು ಅವನು ವಾಪಸು ತಂದ ವಸ್ತು ಎಂದರೆ ನನಗೆ ತಡೆಯಲಾಗುತ್ತಿಲ್ಲ.

ಉತ್ತರವನ್ನು ಮನೆಗೆ ಕಳಿಸಬೇಡಿ. ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿನ ವಿಳಾಸವನ್ನು ಈ ಕಾಗದದ ಹಿಂಬದಿ ಬರೆದಿದ್ದೇನೆ. ಇಸ್ಮತ್ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ಭಾನುಮತಿ


ಕ್ಲಾಂಗ್
2 ಮಾರ್ಚ್ 2025

ಸಹೋದರಿ ಭಾನುಮತಿಯವರಿಗೆ,

ಮುನೀರನ ಸಲಾಮು. ನಿಮ್ಮ ಕಾಗದ ಬಂದು ವಾರವಾಯಿತು. ಇವತ್ತು ಮೊದಲ ರೋಜಾ. ಮನೆಯಲ್ಲಿ ಅಡುಗೆಯ ಸದ್ದಿಲ್ಲದ ಈ ಹೊತ್ತಿನಲ್ಲಿ ಬರೆಯಲು ಕೂತಿದ್ದೇನೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ನನಗೆ ಗೊತ್ತಿಲ್ಲ. ಆ ವಾರ ನಾನು ಇಲ್ಲಿರಲಿಲ್ಲ. ರಾಣೆಬೆನ್ನೂರಿನಲ್ಲಿ ಅಕ್ಕನ ಮಗನ ನಿಕಾಹ್ ಇತ್ತು, ಹೋಗಿದ್ದೆ. ಶನಿವಾರ ಪ್ರಣವ್ ಒಬ್ಬನೇ ಬಂದು ಶೆಡ್ಡಿನ ಬೀಗ ತೆಗೆಸಿಕೊಂಡನಂತೆ. ಇಸ್ಮತ್ ಊಟಕ್ಕೆ ಕರೆದರೆ, "ತಪಾವ್ ಮಾಡಿಕೊಡಿ ಆಂಟಿ, ಮನೇಲಿ ತಿಂತೀನಿ" ಎಂದು ಡಬ್ಬಿ ಕಟ್ಟಿಸಿಕೊಂಡು ಹೊರಟನಂತೆ. ಮುಖ ಬಾಡಿತ್ತು, ಯಾವುದೋ ಹುಡುಗಿಯ ವಿಷಯವಿರಬೇಕು ಎಂದುಕೊಂಡೆ ಅನ್ನುತ್ತಾಳೆ. ಅದು ಜ್ವರದ ಮುಖ ಎಂದು ಅವಳಿಗೆ ಹೊಳೆಯಲಿಲ್ಲ. ಈಗಲೂ ಅದನ್ನೇ ಹೇಳಿಕೊಂಡು ಅಳುತ್ತಾಳೆ.

ನಾನು ಊರಿನಿಂದ ಬರುವ ಹೊತ್ತಿಗೆ ನೀವು ಆಸ್ಪತ್ರೆಯಲ್ಲಿದ್ದಿರಿ. ಆಮೇಲೆ ಆ ಶೆಡ್ಡಿನ ಬಾಗಿಲನ್ನು ನಾನು ತೆರೆದಿಲ್ಲ. ಬಂದರಿನ ಕೆಲಸವನ್ನೆಲ್ಲ ಬೇರೆಯವರ ವರ್ಕ್‌ಶಾಪಿನಲ್ಲಿ ಮಾಡುತ್ತೇನೆ.

ಅವನಿಗೆ ನಿಮ್ಮ ಕಾಯಿಲ್ ಬಹಳ ಇಷ್ಟವಿತ್ತು, ನಿಮಗೆ ತೋರಿಸಲೆಂದು ತಂದಿರಬೇಕು ಎಂದು ನಾನು ಈಗಲೇ ಬರೆದುಬಿಡಬಹುದು. ನಿಮಗೂ ಸ್ವಲ್ಪ ಹಗುರವಾದೀತು. ಆದರೆ ಮೂವತ್ತು ವರ್ಷ ಹಡಗುಗಳ ಮೋಟಾರು, ಜನರೇಟರು ರಿಪೇರಿ ಮಾಡಿದವನು ನಾನು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದು ನಮ್ಮ ಕಸುಬಿನಲ್ಲಿ ಹಡಗಿಗೆ ಬೆಂಕಿ ಇಡುವ ಕೆಲಸ. ಹಬ್ಬ ಮುಗಿಯಲಿ. ಶೆಡ್ಡು ತೆರೆದು ಯಂತ್ರವನ್ನೇ ನೋಡುತ್ತೇನೆ. ಅವನು ಏನನ್ನು ಎಲ್ಲಿಗೆ ಬಿಟ್ಟಿದ್ದಾನೆ ಎಂಬುದರಿಂದ ಏನಾದರೂ ತಿಳಿಯಬಹುದು.

ಡ್ರಮ್ಮುಗಳನ್ನು ಆಗಲೇ ಸಾಗಹಾಕಿದೆ. ಆರೋಗ್ಯ ಇಲಾಖೆಯವರು ಬಂದು ಹಿತ್ತಲೆಲ್ಲ ಹುಡುಕಿ ಮರಿಸೊಳ್ಳೆ ಸಿಗಲಿಲ್ಲ ಎಂದು ಬರೆದುಕೊಂಡು ಹೋದರು. ಇದನ್ನು ರಮೇಶ್ ಅವರಿಗೆ ಹೇಳಬೇಡಿ. ಮಗನನ್ನು ಕಳೆದುಕೊಂಡ ಅಪ್ಪನ ಜೊತೆ ನಾನು ವಾದಕ್ಕೆ ನಿಲ್ಲುವುದಿಲ್ಲ.

ನಿಮ್ಮ ಸಹೋದರ,
ಮುನೀರ್


ಪೆಟಾಲಿಂಗ್ ಜಯಾ
13 ಮಾರ್ಚ್ 2025

ಮುನೀರ್ ಅಣ್ಣನವರಿಗೆ,

ಹಬ್ಬದ ತನಕ ಕಾಯುತ್ತೇನೆ. ಒಂದು ವರ್ಷ ಆ ಬ್ಯಾಗನ್ನೇ ತೆರೆಯದೆ ಇದ್ದವಳಿಗೆ ಇದೇನು ಹೆಚ್ಚಲ್ಲ.

ಅಷ್ಟರಲ್ಲಿ ಇನ್ನೊಂದು ವಿಷಯ ತಿಳಿಸಿ. ಅವನು ಮಾಡುತ್ತಿದ್ದದ್ದಾದರೂ ಏನು? ಜನರೇಟರ್ ಎಂದ. ಪಾಸಾರ್ ಮಾಲಮಿನ ರಾತ್ರಿಸಂತೆಯಲ್ಲಿ ಅಂಗಡಿಗಳ ಹಿಂದೆ ಹೊಗೆ ಉಗುಳುತ್ತಾ ಕೂಗುತ್ತದಲ್ಲ, ಅದೇ ತಾನೆ, ದುಡ್ಡು ಕೊಟ್ಟರೆ ಅಂಗಡಿಯಲ್ಲೇ ಸಿಗುತ್ತದಲ್ಲೋ ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕ. ಮತ್ತೆ ಕೇಳಲು ಹೋಗಲಿಲ್ಲ. ಏನು ಎತ್ತ ತಿಳಿಯದೆ ಅಷ್ಟು ತಂತಿ ಸುತ್ತಿದೆ ನೋಡಿ, ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಕಾಯಿಲನ್ನು ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ರವೆಯ ಡಬ್ಬದ ಹಿಂದೆ ಇಟ್ಟಿದ್ದೇನೆ. ನಮ್ಮವರು ಅಲ್ಲಿಗೆ ಕೈ ಹಾಕುವುದಿಲ್ಲ.

ಭಾನುಮತಿ


ಕ್ಲಾಂಗ್
9 ಏಪ್ರಿಲ್ 2025

ಸಹೋದರಿ ಭಾನುಮತಿಯವರಿಗೆ,

ಸಲಾಮು. ಹಬ್ಬ ಮುಗಿಯಿತು. ನಿನ್ನೆ ಶೆಡ್ಡು ತೆರೆದೆ. ಇಸ್ಮತ್ ಜೊತೆಗೆ ಬಂದು ನಿಂತಿದ್ದಳು. ಎಲ್ಲದರ ಮೇಲೂ ಧೂಳು. ಅವನು ಕೂರುತ್ತಿದ್ದ ಪ್ಲಾಸ್ಟಿಕ್ ಸ್ಟೂಲು ಬೆಂಚಿನ ಕೆಳಗೇ ಇದೆ.

ನೀವು ಕೇಳಿದಿರಿ, ಅವನು ಏನು ಮಾಡುತ್ತಿದ್ದ ಎಂದು. ಅವನಿಗೆ ಈಗಿನ ಜನರೇಟರ್ ಬೇಡವಾಗಿತ್ತು. ಮೊಟ್ಟಮೊದಲಿನದೇ ಬೇಕಾಗಿತ್ತು. ತಂತಿಯ ಸುರುಳಿಯ ಹತ್ತಿರ ಅಯಸ್ಕಾಂತ ಅಲ್ಲಾಡಿದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು 1831ರಲ್ಲಿ ಲಂಡನ್ನಿನಲ್ಲಿ ಫ್ಯಾರಡೆ ತೋರಿಸಿದ. ಮರುವರ್ಷವೇ ಪ್ಯಾರಿಸ್ಸಿನಲ್ಲಿ ಹಿಪ್ಪೊಲಿಟ್ ಪಿಕ್ಸಿ ಎಂಬುವನು ಅದನ್ನು ಕೈಯಲ್ಲಿ ತಿರುಗಿಸುವ ಯಂತ್ರವಾಗಿ ಮಾಡಿದ. ಅವನೂ ಅವನ ಅಪ್ಪನೂ ಪ್ರಯೋಗಶಾಲೆಗಳಿಗೆ ಉಪಕರಣ ಮಾಡಿಕೊಡುವವರು. ಆಗ ಅವನಿಗೆ ಇಪ್ಪತ್ತನಾಲ್ಕರ ಪ್ರಾಯ.

ಯಂತ್ರ ಹೀಗಿದೆ. ಮರದ ಚೌಕಟ್ಟು. ಕೆಳಗೆ ಲಾಳದ ಆಕಾರದ ಅಯಸ್ಕಾಂತ. ಹಿಡಿಕೆ ತಿರುಗಿಸಿದರೆ ಅದು ಗಿರ್ರನೆ ತಿರುಗುತ್ತದೆ. ಅದರ ನೆತ್ತಿಯ ಮೇಲೆ, ಎದುರುಬದುರಾಗಿ, ಕಬ್ಬಿಣದ ಇನ್ನೊಂದು ಲಾಳವನ್ನು ತಲೆಕೆಳಗಾಗಿ ಬಿಗಿದಿದ್ದಾನೆ. ಅದರ ಎರಡು ಕಾಲಿಗೂ ಒಂದೊಂದು ಕಾಯಿಲ್. ಅಷ್ಟೇ.

ಆದರೆ ಪಿಕ್ಸಿಗೆ ಒಂದು ತೊಡಕು ಬಂತು. ಅಯಸ್ಕಾಂತದ ಉತ್ತರ ತುದಿ ಹತ್ತಿರ ಬಂದಾಗ ವಿದ್ಯುತ್ ಒಂದು ಕಡೆಗೆ ಹರಿಯುತ್ತದೆ, ದಕ್ಷಿಣ ತುದಿ ಬಂದಾಗ ಹಿಂದಕ್ಕೆ ಹರಿಯುತ್ತದೆ. ಆ ಕಾಲದ ಜನಕ್ಕೆ ಗೊತ್ತಿದ್ದದ್ದು ಬ್ಯಾಟರಿಯ ವಿದ್ಯುತ್ ಮಾತ್ರ, ಒಂದೇ ದಿಕ್ಕಿನದು. ಹೀಗೆ ಹಿಂದೆ ಮುಂದೆ ತುಯ್ದಾಡುವುದನ್ನು ಇಟ್ಟುಕೊಂಡು ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಆಗ ಆಂಪಿಯರ್ ಎಂಬ ವಿದ್ವಾಂಸ ಒಂದು ಸಲಹೆ ಕೊಟ್ಟ. ಅದರಂತೆ, ಅಯಸ್ಕಾಂತ ಅರ್ಧ ಸುತ್ತು ತಿರುಗಿದಾಗಲೆಲ್ಲ ತಂತಿಗಳ ಸಂಪರ್ಕವನ್ನು ತಾನೇ ಅದಲುಬದಲು ಮಾಡುವ ಸ್ವಿಚ್ಚೊಂದನ್ನು ಪಿಕ್ಸಿ ಅದಕ್ಕೆ ಅಳವಡಿಸಿದ. ಹಿಂದಕ್ಕೆ ಹೊರಟ ವಿದ್ಯುತ್ತೂ ಹಾಗಾಗಿ ಮುಂದಕ್ಕೇ ಬರುತ್ತದೆ. ನಾವು ಅದನ್ನು ಕಮ್ಯುಟೇಟರ್ ಎನ್ನುತ್ತೇವೆ. ಪ್ರಣವ್ ಅದನ್ನು ಮರದ ಉರುಳೆಗೆ ತಾಮ್ರದ ಪಟ್ಟಿ ಹೊಡೆದು ಮಾಡಿದ್ದಾನೆ. ಎಷ್ಟು ಅಚ್ಚುಕಟ್ಟು ಎಂದರೆ ನಾನು ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದೆ.

ಇದೆಲ್ಲ ಈಗ ಯಾಕಪ್ಪಾ ಎಂದು ಒಮ್ಮೆ ಕೇಳಿದ್ದೆ. "ಅಂಕಲ್, ಫಸ್ಟ್ ಟೈಮ್ ಮಾಡಿದವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಲ್ವಾ. ಅವನಿಗೆ ಹೇಗನ್ನಿಸಿರಬಹುದು ಅಂತ ನೋಡ್ಬೇಕು" ಎಂದ. ಇಂಥ ಮಾತಾಡುವ ಹುಡುಗರು ನನ್ನ ಕೈಕೆಳಗೆ ಹೆಚ್ಚು ಬಂದಿಲ್ಲ.

ಈಗ ನಾನು ಕಂಡದ್ದು. ಒಂದು ಕಾಲಿನ ಮೇಲೆ ಅವನು ಸುತ್ತಿದ ಕಾಯಿಲ್ ಇದೆ. ಅದಕ್ಕೆ ವಾರ್ನಿಷ್ ಬಳಿದು ಒಣಗಿಸಿದ್ದಾನೆ. ಇನ್ನೊಂದು ಕಾಲು ಬರಿದು. ಮೀಟರಿನ ತಂತಿಗಳು ಹಾಗೇ ಜೋತಾಡುತ್ತಿವೆ. ನಿಮ್ಮಿಂದ ಒಂದು ಮಾಹಿತಿ ಬೇಕು. ನಿಮ್ಮ ಕಾಯಿಲಿನ ಒಂದು ಬಾಯಿಗೆ ಅವನು ಕೆಂಪು ಚುಕ್ಕೆ ಇಟ್ಟಿರಬೇಕು, ಇದರಲ್ಲೂ ಇದೆ. ಆ ಬಾಯಿಯನ್ನು ನಿಮ್ಮ ಮುಖದ ಕಡೆಗೆ ಹಿಡಿದು ನೋಡಿ. ತಂತಿ ಒಳಗಿನಿಂದ ಹೊರಟು ಬಲಕ್ಕೆ ಸುತ್ತಿಕೊಂಡು ಹೋಗಿದೆಯೋ, ಎಡಕ್ಕೋ?

ಮುನೀರ್


ಪೆಟಾಲಿಂಗ್ ಜಯಾ
20 ಏಪ್ರಿಲ್ 2025

ಮುನೀರ್ ಅಣ್ಣನವರಿಗೆ,

ಬಲಕ್ಕೆ. ನೋಡುವುದೇ ಬೇಕಿರಲಿಲ್ಲ, ಆದರೂ ಕೆಳಗಿಳಿಸಿ ನೋಡಿದೆ. ನಾನು ಯಾವುದನ್ನೂ ಎಡಕ್ಕೆ ಸುತ್ತಿದವಳಲ್ಲ. ಕಳಶಕ್ಕೆ ದಾರ ಸುತ್ತುವುದಿರಲಿ, ಆರತಿ ಎತ್ತುವುದಿರಲಿ, ಕಡೆಗೆ ಇಡ್ಲಿ ಹಿಟ್ಟು ಕಲಸುವುದಿರಲಿ, ಕೈ ಬಲಕ್ಕೇ ಹೋಗುತ್ತದೆ. ನಮ್ಮಜ್ಜಿ ಎಡಕ್ಕೆ ಹೋದ ಕೈಗೆ ಸೌಟಿನಲ್ಲಿ ಹೊಡೆಯುತ್ತಿದ್ದರು. ಪ್ರಣವ್ ಚಿಕ್ಕಂದಿನಿಂದ ನನ್ನ ಕೈ ನೋಡಿಕೊಂಡೇ ಸುತ್ತಲು ಕಲಿತದ್ದು. ಅವನದೂ ಬಲಕ್ಕೇ ಇರಬೇಕು, ನೋಡಿ.

ಯಾಕೆ ಕೇಳಿದಿರಿ? ಬಲಕ್ಕೆ ಸುತ್ತಿದ್ದು ತಪ್ಪೇ?

ನೀವು ಬರೆದ ಪಿಕ್ಸಿಯ ಬಗ್ಗೆ ಫೋನಿನಲ್ಲಿ ಹುಡುಕಿ ಓದಿದೆ. ಯಂತ್ರ ಮಾಡಿದ ಮೂರು ವರ್ಷಕ್ಕೆ, ಇಪ್ಪತ್ತೇಳರಲ್ಲಿ ಹೋದನಂತೆ. ಅಪ್ಪ ಅವನ ನಂತರವೂ ಬಹಳ ಕಾಲ ಇದ್ದನಂತೆ. ನಿಮಗೆ ಇದು ಗೊತ್ತಿಲ್ಲದೆ ಇಲ್ಲ. ಬೇಕೆಂದೇ ಬರೆಯದೆ ಬಿಟ್ಟಿರಿ. ನಿಮ್ಮ ಒಳ್ಳೆಯತನ ನನಗೆ ಅರ್ಥವಾಗುತ್ತದೆ, ಆದರೆ ಇನ್ನು ಮುಂದೆ ಹಾಗೆ ಮಾಡಬೇಡಿ. ಆ ಅಪ್ಪ ಮಗನ ಯಂತ್ರವನ್ನು ಏನು ಮಾಡಿದ ಎಂದು ಹುಡುಕಿದೆ. ನನಗೆ ಸಿಗಲಿಲ್ಲ.

ಭಾನುಮತಿ


ಪೆಟಾಲಿಂಗ್ ಜಯಾ
25 ಮೇ 2025

ಮುನೀರ್ ಅಣ್ಣನವರಿಗೆ,

ತಿಂಗಳ ಮೇಲಾಯಿತು. ಕ್ಲಿನಿಕ್ಕಿಗೆ ಅಂಚೆಯವನು ಬಂದಾಗಲೆಲ್ಲ ನಾನು ಕೌಂಟರಿನಿಂದ ಏಳುತ್ತೇನೆ. ಡಾಕ್ಟರಮ್ಮ ಚಾಂಗ್ ನನಗೆ ಯಾರೋ ಪ್ರೇಮಪತ್ರ ಬರೆಯುತ್ತಿದ್ದಾರೆ ಎಂದು ಚುಡಾಯಿಸುತ್ತಾರೆ.

ನಿಮಗೆ ಉತ್ತರ ಸಿಕ್ಕಿದೆ. ಸಿಕ್ಕಿರುವುದರಿಂದಲೇ ನೀವು ಬರೆಯುತ್ತಿಲ್ಲ. ತಪ್ಪು ನನ್ನ ಕಾಯಿಲಿನದು ಎಂದಾದರೆ ಹಾಗೆಂದೇ ಬರೆಯಿರಿ. ಅವನ ಪ್ಲೇಟ್‌ಲೆಟ್ ಎಷ್ಟಕ್ಕಿಳಿಯಿತು ಎಂದು ಪ್ರತಿ ಬೆಳಿಗ್ಗೆ ಕೇಳಿಸಿಕೊಂಡವಳು ನಾನು. ಇದನ್ನು ಕೇಳಿ ಸಾಯುವುದಿಲ್ಲ.

ಭಾನುಮತಿ


ಕ್ಲಾಂಗ್
8 ಜೂನ್ 2025

ಸಹೋದರಿ ಭಾನುಮತಿಯವರಿಗೆ,

ಸಲಾಮು. ನಿನ್ನೆ ಬಕ್ರೀದ್. ನಮಾಜು ಮುಗಿಸಿ ಬಂದ ಮೇಲೆ ಇಸ್ಮತ್ ನಿಮ್ಮ ಕಾಗದವನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು. "ಅವ್ರು ಖರೇ ಏನೈತಿ ಹೇಳ್ರಿ ಅಂತ ಕೇಳ್ಯಾರ. ಸಮಾಧಾನ ಮಾಡ್ರಿ ಅಂತ ಕೇಳಿಲ್ಲ. ಬರೀರಿ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಅವನ ಕಾಯಿಲೂ ಬಲಕ್ಕೇ ಇದೆ. ನಿಮ್ಮದೂ ಬಲಕ್ಕೆ. ಅವೆರಡನ್ನೂ ಅವನು, ನಾನಿಲ್ಲದಾಗ, ಒಂದರ ಬಾಲಕ್ಕೆ, ಅಂದರೆ ತಂತಿ ಮುಗಿಯುವ ತುದಿಗೆ, ಇನ್ನೊಂದರ ತಲೆಯನ್ನು, ಅಂದರೆ ಶುರುವಾಗುವ ತುದಿಯನ್ನು, ಸೇರಿಸಿ ಜೋಡಿಸಿದ್ದ. ಸೇರಿಸಿದ ತುದಿಯಲ್ಲಿ ಬೆಸುಗೆಯ ಗುರುತು ಹಾಗೇ ಇದೆ. ಯಾರಿಗಾದರೂ ಮೊದಲು ತೋಚುವುದು ಹೀಗೇ. ಆದರೆ ಲಾಳದ ಒಂದು ಕಾಲಿನ ಎದುರು ಉತ್ತರ ತುದಿ ಬಂದಾಗ ಇನ್ನೊಂದು ಕಾಲಿನ ಎದುರು ದಕ್ಷಿಣ ತುದಿ ಇರುತ್ತದೆ. ಹಾಗಾಗಿ ಒಂದು ಕಾಯಿಲ್ ಮುಂದಕ್ಕೆ ತಳ್ಳಿದಷ್ಟನ್ನೂ ಇನ್ನೊಂದು ಹಿಂದಕ್ಕೆ ತಳ್ಳುತ್ತದೆ. ಎಷ್ಟೇ ಜೋರಾಗಿ ಹಿಡಿಕೆ ತಿರುಗಿಸಿದರೂ ಸೊನ್ನೆ. ನಂಬಿಕೆಯಾಗಲೆಂದು ನಿಮ್ಮದರ ಹಾಗೆ ಬಲಕ್ಕೆ ಸುತ್ತಿದ ಬೇರೊಂದು ಕಾಯಿಲ್ ಮಾಡಿ, ಬರಿದಾದ ಕಾಲಿಗೆ ಹಾಕಿ, ಅವನು ಜೋಡಿಸಿದಂತೆಯೇ ಜೋಡಿಸಿ ತಿರುಗಿಸಿದೆ. ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ಆ ಶನಿವಾರ ಅವನು ಕಂಡದ್ದೂ ಇದನ್ನೇ.

ಅವನು ಬುದ್ಧಿವಂತ. ನಾನಿಲ್ಲದೆಯೂ ಎರಡರಲ್ಲಿ ಒಂದು ಕಾಯಿಲ್ ಎಡಕ್ಕಿರಬೇಕು ಎಂದು ಕಂಡುಹಿಡಿದಿದ್ದಾನೆ. ಅವನದಕ್ಕೆ ವಾರ್ನಿಷ್ ಹಿಡಿದುಬಿಟ್ಟಿತ್ತು, ಬಿಚ್ಚಲು ಬರುವುದಿಲ್ಲ. ನಿಮ್ಮದಕ್ಕೆ ಇನ್ನೂ ಬಳಿದಿರಲಿಲ್ಲ. ಅದಕ್ಕೇ ನಿಮ್ಮದನ್ನು ತೆಗೆದ. ಬೇಡವೆಂದು ತೆಗೆದದ್ದಲ್ಲ. ಬೇಡವಾಗಿದ್ದರೆ ಶೆಡ್ಡಿನಲ್ಲೇ ಬಿಚ್ಚಿ ತಾನೇ ಎಡಕ್ಕೆ ಸುತ್ತಿಕೊಳ್ಳುತ್ತಿದ್ದ, ಒಂದು ಮಧ್ಯಾಹ್ನದ ಕೆಲಸ. ನೀವು ಸುತ್ತಿದ್ದನ್ನು ತನ್ನ ಕೈಯಾರೆ ಬಿಚ್ಚಲು ಅವನಿಗೆ ಮನಸ್ಸಾಗಲಿಲ್ಲ. ನಿಮ್ಮಿಂದಲೇ ಮತ್ತೆ ಸುತ್ತಿಸಬೇಕೆಂದು ಮನೆಗೆ ತಂದ. ಇದು ಯಂತ್ರ ಹೇಳುವಷ್ಟರ ಮಟ್ಟಿಗೆ ಸತ್ಯ.

ನಾನು ಬರೆಯಲು ಹಿಂಜರಿದದ್ದು ಇದಕ್ಕಲ್ಲ. ಯಾವ ಕಾಯಿಲನ್ನೂ ಬಿಚ್ಚಬೇಕಾಗಿರಲಿಲ್ಲ. ಬಾಲಕ್ಕೆ ತಲೆ ಸೇರಿಸುವ ಬದಲು ಬಾಲಕ್ಕೆ ಬಾಲ ಸೇರಿಸಿದ್ದರೆ ಸಾಕಿತ್ತು. ಬೆಸುಗೆ ಬಿಡಿಸಿ ಇನ್ನೊಂದು ತುದಿಗೆ ಹಾಕುವ ಕೆಲಸ. ನನ್ನ ಬದಲಿ ಕಾಯಿಲಿಗೆ ಹಾಗೆ ಮಾಡಿದೆ, ಮುಳ್ಳು ನೆಗೆಯಿತು. ಅವನು ಅದನ್ನು ನೋಡಲಿಲ್ಲವಲ್ಲ ಎಂದು ಈ ವಯಸ್ಸಿನಲ್ಲಿ ಬೆಂಚಿಗೆ ತಲೆ ಇಟ್ಟು ಅತ್ತೆ.

ಕಾಯಿಲನ್ನು ಕಳಿಸಿಕೊಡಿ. ತುದಿ ಬದಲಾಯಿಸಿ ಕೂರಿಸುತ್ತೇನೆ. ನೀವು ಸುತ್ತಿದ್ದರಲ್ಲಿ ಒಂದು ಎಳೆಯನ್ನೂ ಅಲುಗಿಸುವುದಿಲ್ಲ.

ಮುನೀರ್


ಪೆಟಾಲಿಂಗ್ ಜಯಾ
15 ಜೂನ್ 2025

ಮುನೀರ್ ಅಣ್ಣನವರಿಗೆ,

ನಿಮ್ಮ ಕಾಗದವನ್ನು ಕ್ಲಿನಿಕ್ಕಿನ ಸ್ಟೋರ್ ರೂಮಿನಲ್ಲಿ ಕೂತು ಓದಿದೆ. ನೀವು ಹೆದರಿದ ಜಾಗಕ್ಕೆ ಬಂದಾಗ ನನಗೆ ಅಳು ಬರಲಿಲ್ಲ. "ಒಂದು ಕಾಯಿಲ್ ಎಡಕ್ಕಿರಬೇಕು" ಎಂಬಲ್ಲಿಗೆ ಬಂದಾಗ ಮುಂದಕ್ಕೆ ಓದಲಾಗದೆ ಕಾಗದ ಮಡಚಿಟ್ಟೆ. ಯಾಕೆಂದು ಬರೆಯುತ್ತೇನೆ. ಇದನ್ನು ನಾನು ಯಾರಿಗೂ ಹೇಳಿಲ್ಲ.

ಆ ಶನಿವಾರ ಸಂಜೆ ಅವನು ಬಂದವನೇ, "ಅಮ್ಮ, ನಿನ್ಹತ್ರ ಒಂದು ಕೆಲಸ ಇದೆ. ಯೂ ವೋಂಟ್ ಲೈಕ್ ಇಟ್" ಎಂದ. ಹಣೆ ಮುಟ್ಟಿದರೆ ಸುಡುತ್ತಿತ್ತು. "ಮೊದಲು ಮಾತ್ರೆ ನುಂಗು, ಕೆಲಸ ಆಮೇಲೆ ನೋಡೋಣ" ಎಂದೆ. ಮಾರನೆಯ ದಿನ ಏಳಲಿಲ್ಲ. ಆಮೇಲೆ ಕ್ಲಿನಿಕ್ಕು, ಆಮೇಲೆ ಆಸ್ಪತ್ರೆ. ಆ ಕೆಲಸದ ವಿಷಯ ಅವನೂ ಎತ್ತಲಿಲ್ಲ, ನಾನೂ ಮರೆತೆ.

ಕಡೆಯ ಎರಡು ದಿನ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಇತ್ತು, ಮಾತಿಲ್ಲ. ಕಣ್ಣು ಬಿಟ್ಟಾಗ ನನ್ನನ್ನೇ ನೋಡುತ್ತಿದ್ದ. ಬಲಗೈಯ ತೋರುಬೆರಳನ್ನು ಎತ್ತಿ ಗಾಳಿಯಲ್ಲಿ ಸುತ್ತುತ್ತಿದ್ದ. ಸುತ್ತಿದ್ದೇ ಸುತ್ತಿದ್ದು. ಅಲ್ಲಿಯ ತಮಿಳು ನರ್ಸ್ ಹುಡುಗಿ, "ಜುರಂ ಅಕ್ಕಾ, ಭಯಪ್ಪಡಾದೀಂಗ" ಎಂದಳು. ಜ್ವರ ತಲೆಗೇರಿದರೆ ಹೀಗಾಗುತ್ತದಂತೆ, ಹೆದರಬಾರದಂತೆ. ನನಗೆ ಭಯವಾದದ್ದು ಬೆರಳು ಸುತ್ತುತ್ತಿದ್ದುದಕ್ಕಲ್ಲ, ಅದು ಎಡಕ್ಕೆ ಸುತ್ತುತ್ತಿದ್ದುದಕ್ಕೆ.

ನಮ್ಮಲ್ಲಿ ಎಡಕ್ಕೆ ಸುತ್ತುವುದು ಒಂದೇ ಕಡೆ, ಅಣ್ಣ. ಚಿತೆಯ ಸುತ್ತ ಮಡಕೆ ಹೊತ್ತು ಹೋಗುವಾಗ. ಅವನ ಬೆರಳು ಹಿಡಿದು ಬಲಕ್ಕೆ ತಿರುಗಿಸಿದೆ. ಬಿಟ್ಟರೆ ಮತ್ತೆ ಎಡಕ್ಕೆ. ನಾನು ಮತ್ತೆ ಬಲಕ್ಕೆ. ದೇವರ ಹೆಸರು ಹೇಳಿಕೊಂಡು ತಿರುಗಿಸುತ್ತಲೇ ಇದ್ದೆ. ಕೊನೆಗೆ ಆ ಬೆರಳನ್ನು ನನ್ನ ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡು ಕೂತುಬಿಟ್ಟೆ. ನಮ್ಮವರು ಕಿಟಕಿಯ ಹತ್ತಿರ ಡಾಕ್ಟರ ಜೊತೆ ಮಾತಾಡುತ್ತಿದ್ದರು, ನೋಡಲಿಲ್ಲ. ಅವರಿಗೆ ಹೇಳಲೂ ಇಲ್ಲ. ಅಂಥದ್ದನ್ನು ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಮಾಡಬೇಕಾದ ಕೆಲಸವನ್ನು ಅವನು ನನಗೆ ಹೇಳುತ್ತಿದ್ದ. ನಾನು ಅದನ್ನು ಸಾವು ಎಂದುಕೊಂಡು ತಡೆದೆ.

ಹೌದಲ್ಲವೇ? ಅದು ಅದೇ ಅಲ್ಲವೇ? ಹೇಳಿ.

ಭಾನುಮತಿ


ಕ್ಲಾಂಗ್
22 ಜೂನ್ 2025

ಸಹೋದರಿ ಭಾನುಮತಿಯವರಿಗೆ,

ಸಲಾಮು. ಅದು ಅದೇ ಎಂದು ನಾನು ಪ್ರಮಾಣ ಮಾಡಲಾರೆ. ನರ್ಸ್ ಹೇಳಿದ್ದೂ ಸುಳ್ಳಲ್ಲ, ಅಂಥ ಜ್ವರದಲ್ಲಿ ಕೈ ಸುಮ್ಮನೆ ಆಡುವುದುಂಟು. ಆದರೆ ಆ ಶನಿವಾರ ಇಡೀ ಮಧ್ಯಾಹ್ನ ಅವನ ತಲೆಯಲ್ಲಿ ಇದ್ದದ್ದು ಒಂದೇ, ಎಡಕ್ಕೆ ಸುತ್ತಿದ ತಂತಿ. ಅದರ ಮೇಲೆ ಜ್ವರ ಬಂತು. ಇಷ್ಟನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ಉಳಿದದ್ದು ನೀವು ಅವನ ಕಣ್ಣು ನೋಡಿದವರು, ನಿಮಗೇ ಗೊತ್ತು.

ಹೆದರಿದ ತಾಯಿ ಮಗನ ಕೈ ಹಿಡಿದುಕೊಂಡಳು. ಅವನಿಗೆ ಗೊತ್ತಾದದ್ದು ಅಷ್ಟೇ ಇರುತ್ತದೆ, ಅಮ್ಮ ಕೈ ಹಿಡಿದಿದ್ದಾಳೆ ಎಂದು.

ಒಂದು ಮಾತು. ನಿಮ್ಮ ಕಾಯಿಲನ್ನು ಎಡಕ್ಕೆ ಸುತ್ತಿ, ಅವನು ಬಿಟ್ಟ ಹಾಗೇ ಜೋಡಿಸಿದರೂ ಯಂತ್ರ ನಡೆಯುತ್ತದೆ. ಸುತ್ತುಬಳಸಿನ ದಾರಿ, ಆದರೆ ತಪ್ಪು ದಾರಿಯಲ್ಲ. ಎರಡರಲ್ಲಿ ಯಾವುದೆಂದು ನೀವೇ ಹೇಳಿ. ಬೆಸುಗೆಯನ್ನು ಅಲ್ಲಿಯವರೆಗೆ ನಾನು ಮುಟ್ಟುವುದಿಲ್ಲ.

ಮುನೀರ್


ಪೆಟಾಲಿಂಗ್ ಜಯಾ
6 ಜುಲೈ 2025

ಮುನೀರ್ ಅಣ್ಣನವರಿಗೆ,

ಬೆಸುಗೆಯನ್ನು ಹಾಗೇ ಬಿಡಿ. ನೀವು ಇನ್ನು ಮನೆಯ ವಿಳಾಸಕ್ಕೇ ಬರೆಯಬಹುದು.

ನಿನ್ನೆ ಮಧ್ಯಾಹ್ನ ಊಟದ ಮೇಜಿನ ಮೇಲೆ ಕಾಯಿಲ್ ಇಟ್ಟುಕೊಂಡು ಬಿಚ್ಚಲು ಕೂತೆ. ನಮ್ಮವರು ಬಾಂಗ್ಸಾರಿನ ಆಫೀಸಿಗೆ ಹೋಗಿದ್ದರು, ಸಂಜೆಯ ತನಕ ಬರುವುದಿಲ್ಲ ಎಂದುಕೊಂಡಿದ್ದೆ. ತಂತಿಯೆಲ್ಲ ಬಿಚ್ಚಿ ರೀಲಿಗೆ ಸುತ್ತಿ, ಎಡಕ್ಕೆ ಶುರು ಮಾಡಿದೆ. ನನ್ನ ಕೈಯಂಥ ಹಟಮಾರಿ ಕೈ ಇನ್ನೊಂದಿಲ್ಲ. ನಾಲ್ಕು ಸುತ್ತು ಎಡಕ್ಕೆ ಹೋಗಿ, ಮನಸ್ಸು ಎಲ್ಲೋ ಹೋದರೆ ತಾನೇ ಬಲಕ್ಕೆ ತಿರುಗಿಬಿಡುತ್ತದೆ. ಬಿಚ್ಚುವುದು, ಮತ್ತೆ ಸುತ್ತುವುದು. ಎಳೆ ಸಡಿಲವಾಗದ ಹಾಗೆ ರೀಲು ಹಿಡಿಯಲು ಆಗ ಪ್ರಣವ್ ಇದ್ದ. ಈಗ ರೀಲು ಮೇಜಿನಿಂದ ಉರುಳಿ ಬಿದ್ದು ಸಿಕ್ಕಾಗುತ್ತಿತ್ತು.

ಇವರು ಬಂದದ್ದು ನನಗೆ ತಿಳಿಯಲಿಲ್ಲ. ಬಿದ್ದ ರೀಲನ್ನು ಎತ್ತಿಕೊಂಡು ಎದುರಿನ ಕುರ್ಚಿಯಲ್ಲಿ ಕೂತರು. ಎರಡು ಹೆಬ್ಬೆರಳಿನ ನಡುವೆ ರೀಲು ಹಿಡಿದು ಹದವಾಗಿ ತಂತಿ ಬಿಡತೊಡಗಿದರು. ಅವರು ಇಂಥದ್ದರಲ್ಲಿ ಕೈ ಹಾಕಿದ್ದನ್ನು ನಾನು ನೋಡಿರಲಿಲ್ಲ. ಅವನ ಪಕ್ಕದಲ್ಲಿ ಕೂತು ನೋಡಿ ಯಾವಾಗ ಕಲಿತಿದ್ದರೋ.

ನಾನೇ ಎಲ್ಲ ಹೇಳಿದೆ. ಕಾಗದಗಳು, ನಿಮ್ಮ ಶೆಡ್ಡು, ಅಲ್ಲಾಡದ ಮುಳ್ಳು, ಎಲ್ಲ. ಹಿತ್ತಲಿನಲ್ಲಿ ಏನೂ ಸಿಗಲಿಲ್ಲ ಎಂಬುದನ್ನೂ ಹೇಳಿಬಿಟ್ಟೆ, ನಿಮ್ಮ ಮಾತು ಮೀರಿದ್ದಕ್ಕೆ ಕ್ಷಮಿಸಿ. ಅವರು ತಲೆ ಎತ್ತಲಿಲ್ಲ. "ಅದು ನನಗೆ ಆಗ್ಲೇ ಗೊತ್ತಿತ್ತು. ಆರೋಗ್ಯ ಇಲಾಖೆ ಆಫೀಸಿಗೆ ಹೋಗಿ ವಿಚಾರಿಸಿದ್ದೆ" ಎಂದರು. ತಂತಿಯ ಸಿಕ್ಕೊಂದನ್ನು ಬಿಡಿಸುತ್ತಾ, "ಮುನೀರ್ ಅವ್ರಿಗೆ ಹಾಗೆ ಅನ್ನದಿದ್ರೆ ಆವತ್ತು ನಾನು ನಿಂತ್ಕೊಳ್ಳೋಕೇ ಆಗ್ತಿರ್ಲಿಲ್ಲ ಭಾನು" ಎಂದರು.

ಬೆರಳಿನ ವಿಷಯ ಹೇಳಲು ನನಗೆ ಬಾಯಿ ಬರಲಿಲ್ಲ. ಸುಮ್ಮನೆ ಸುತ್ತುತ್ತಿದ್ದೆ. ಕೈ ಈಗ ಎಡಕ್ಕೆ ಸರಾಗವಾಗಿ ಹೋಗುತ್ತಿತ್ತು. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ರೀಲು ನಿಂತಿತು.

"ಹೀಗೇ ಅಲ್ವಾ ಅವನು ಮಾಡ್ತಾ ಇದ್ದಿದ್ದು?" ಎಂದರು.

ನಾನು ತಲೆಯಾಡಿಸಿದೆ.

"ನಾನೂ ನೋಡ್ತಾ ಇದ್ದೆ. ನೀನು ಬಲಕ್ಕೆ ತಿರುಗಿಸಿ ಬಿಟ್ಟ ತಕ್ಷಣ ಅವನು ಮತ್ತೆ ಎಡಕ್ಕೇ ಹೋಗ್ತಿದ್ದ. ಡಾಕ್ಟ್ರು ಏನೋ ಹೇಳ್ತಾ ಇದ್ರು, ನನ್ನ ಕಿವಿಗೆ ಒಂದೂ ಬೀಳ್ಲಿಲ್ಲ. ಇಷ್ಟು ಹಟ ಮಾಡೋನು ಉಳ್ಕೋತಾನೆ ಅಂದ್ಕೊಂಡೆ, ಭಾನು. ಉಳ್ಕೊಂಡೇ ಉಳ್ಕೋತಾನೆ ಅಂದ್ಕೊಂಡೆ."

ಮದುವೆಯಾದಾಗಿನಿಂದ ಅವರು ಅಳುವುದನ್ನು ನಾನು ನೋಡಿದವಳಲ್ಲ, ಮಗನನ್ನು ಕಳಿಸಿಕೊಟ್ಟ ದಿನವೂ. ನಿನ್ನೆ ರೀಲನ್ನು ಬಿಡದೆ ಹಿಡಿದುಕೊಂಡೇ ಅತ್ತರು. ತಂತಿ ಸಡಿಲವಾಗಬಾರದೆಂದು ಇರಬೇಕು. ನಾನೂ ಸುತ್ತುವುದನ್ನು ನಿಲ್ಲಿಸಲಿಲ್ಲ. ಒಬ್ಬರಿಗೊಬ್ಬರು ಏನು ಹೇಳಿಕೊಂಡೆವು ಎಂದು ಕೇಳಿದರೆ ಹೇಳಲಾರೆ. ಕತ್ತಲಾಗುವ ಮೊದಲು ಮುಗಿಯಿತು.

ಬರುವ ಭಾನುವಾರ ಕಾಯಿಲನ್ನು ತರುತ್ತೇವೆ. ಕಾರಿನಲ್ಲಿ, ಇಬ್ಬರೂ.

ಇಂತಿ,
ಭಾನುಮತಿ
ರಮೇಶ